ಎರಡು ಕರಡಿಗೆ

ಭತ್ತ ಹೂ ಬಿಟ್ಟ ವಾಸನೆ ಬಂದರೆ, ಈಗಲೂ ನನ್ನ ತಲೆಯ ಹಿಂದೆ ಇಷ್ಟಲಿಂಗವಿಡುವ ಎರಡು ಬೆಳ್ಳಿ ಕರಡಿಗೆಗಳು ಟಿಕ್ ಟಿಕ್ ಎಂದು ತಾಗುತ್ತವೆ.

ಅವತ್ತು ಮಧ್ಯಾಹ್ನ ಅವ್ವನನ್ನು ಬೆಳಗಾವಿಯ ಆಸ್ಪತ್ರೆಯಲ್ಲಿ ಬಿಟ್ಟು, ಅಪ್ಪ ನನ್ನನ್ನು ಸೈಕಲ್ಲಿನ ಅಡ್ಡ ಕಂಬಿಯ ಮೇಲೆ ಕೂಡಿಸಿಕೊಂಡು ಊರಿಗೆ ಹೊರಟಿದ್ದ. ಲಾರಿಗಳ ಗದ್ದಲ ಹಿಂದೆ ಸರಿದು, ಖಾನಾಪುರ ರಸ್ತೆಯ ಎರಡೂ ಬದಿ ಹೂ ಬಿಟ್ಟ ಭತ್ತದ ಗದ್ದೆಗಳು ಶುರುವಾದ ಮೇಲೆಯೇ ಆ ಸದ್ದು ನನಗೆ ಕೇಳಿಸಿದ್ದು.

“ಅಪ್ಪಾ, ನಿನ್ನ ಕೊಳ್ಳಾಗ ಎರಡ ಲಿಂಗ ಯಾಕ ಅದಾವು?”

ಅಪ್ಪ ಬ್ರೇಕು ಹಿಡಿದ. ಸ್ಕ್ಯಾನಿಂಗಿಗೆ ಒಳಗೆ ಹೋಗುವಾಗ ಅವ್ವ ಬಿಚ್ಚಿಕೊಟ್ಟಿದ್ದ ಲಿಂಗ ಅವನ ಕೊರಳಲ್ಲೇ ಉಳಿದಿತ್ತು.

“ಲಿಂಗಕ್ಕ ತೋರಿಸಲಾರದ ಆಕಿ ಹನಿ ನೀರೂ ಮುಟ್ಟಂಗಿಲ್ಲ,” ಎನ್ನುತ್ತ ಸೈಕಲ್ ತಿರುಗಿಸಿದ.

ಆಸ್ಪತ್ರೆಯಲ್ಲಿ ಅವ್ವನ ಮಂಚದ ಪಕ್ಕ ತಟ್ಟೆಯ ಅನ್ನ ಆರಿ ಹೋಗಿತ್ತು, ನೀರಿನ ಲೋಟ ತುಂಬಿಯೇ ಇತ್ತು. ಅವ್ವನ ತುಟಿ ಒಣಗಿತ್ತು. ಲಿಂಗವನ್ನು ಅಂಗೈಯಲ್ಲಿ ಹಿಡಿದು, ಅಪ್ಪನ ಮುಖ ನೋಡದೆ ಮೆಲ್ಲಗೆ ಹೇಳಿದಳು:

“ಡಾಕ್ಟರು ಏನರ ಹೇಳ್ಲಿ, ಇನ್ನ ಇದನ್ನ ನನ್ನ ಮೈಮ್ಯಾಲಿಂದ ತಗೀಬ್ಯಾಡ್ರಿ.”

ಯಾರೂ ತೆಗೆಯಲಿಲ್ಲ. ಆ ಭತ್ತ ಕೊಯ್ಲಿಗೆ ಬರುವ ಮೊದಲೇ ಲಿಂಗ ಅವಳ ಅಂಗೈಯಲ್ಲೇ ಮಣ್ಣಿಗೆ ಹೋಯಿತು.