ಕಲ್ಲಮ್ಮನ ಎಡೆ

"ಆ ಸಾಲು ಇನ್ನೊಂದ್ಸಲ ಓದವ್ವ" ಎಂದಳು ದ್ಯಾಮಮ್ಮ.

ಮೊಮ್ಮಗಳು ಅನಿತಾ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದು ವೇಲ್ಸ್ ದೇಶದ ಒಂದು ಚರ್ಚಿನ ಮದುವೆ ದಾಖಲೆಯ ನಕಲು. ಅದನ್ನು ಅಲ್ಲಿಂದ ತಂದವಳು ನೆರಿಸ್ ಎಂಬ ಅರವತ್ತರ ಹತ್ತಿರದ ಹೆಂಗಸು. ಅಜ್ಜಂಪುರದ ಆ ಮನೆಯ ನಡುಮನೆಯಲ್ಲಿ, ಚಾಪೆಯ ಮೇಲೆ ಮಂಡಿ ಮಡಿಸಲಾಗದೆ ಕಾಲು ಚಾಚಿ ಕುಳಿತಿದ್ದಳು.

"ಸಾವಿರದ ಒಂಬೈನೂರ ಹನ್ನೆರಡು. ವರ ಗ್ರಿಫಿತ್, ಗಣಿ ಕೆಲಸದವನು, ಹೆಂಡತಿ ಸತ್ತವನು. ವಧು ಮಾರ್ಗರೆಟ್" ಎಂದು ಅನಿತಾ ಕನ್ನಡದಲ್ಲಿ ಓದಿದಳು.

ಗ್ರಿಫಿತ್ ಚಿನ್ನದ ಗಣಿಯ ಕೆಲಸಕ್ಕೆಂದು ಈ ಕಡೆ ಬಂದು, ಕೆಲವು ವರ್ಷ ಇದ್ದು ಹೋದವನು. ಊರವರ ಬಾಯಲ್ಲಿ ಅವನು ಗಿರಿಪ್ಪ ದೊರೆ. ಇಲ್ಲಿ ಅವನಿಗೂ ಕಲ್ಲಮ್ಮನಿಗೂ ಹುಟ್ಟಿದ ಮಗನ ಮಗನೇ ದ್ಯಾಮಮ್ಮನ ಗಂಡ ಸಣ್ಣಬೀರಪ್ಪ. ಅಲ್ಲಿ ಮಾರ್ಗರೆಟ್ಟಳ ಮರಿಮಗಳು ನೆರಿಸ್. ಒಂದು ಜನಗಣತಿಯಲ್ಲಿ ಮದುವೆಯಾಗದವನೆಂದು ಬರೆಸಿದ್ದ ಮುತ್ತಜ್ಜ, ಹನ್ನೊಂದು ವರ್ಷದ ಮೇಲೆ ಹೆಂಡತಿ ಸತ್ತವನು ಹೇಗಾದ? ನಡುವೆ ಬಂದು ಹೋದ ಆ ಹೆಂಡತಿ ಯಾರು? ನೆರಿಸ್ ಊರೂರಿನ ಚರ್ಚಿನ ಪುಸ್ತಕಗಳನ್ನು ತಿರುವಿ ಸೋತಿದ್ದಳು. ಕೊನೆಗೆ, ತರೀಕೆರೆಯ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವ ಅನಿತಾ ಹಳೆಯ ಗಣಿಯ ವಿಷಯ ಇಂಟರ್‌ನೆಟ್ಟಿನಲ್ಲಿ ಬರೆದದ್ದು ಅವಳ ಕಣ್ಣಿಗೆ ಬಿದ್ದಿತ್ತು.

ಅಂದು ಮಹಾಲಯ ಅಮಾವಾಸ್ಯೆ, ಹಿರಿಯರ ಹಬ್ಬ. ತೀರಿಕೊಂಡ ಸಣ್ಣಬೀರಪ್ಪನಿಗೆ ಇಡುವ ಮೊದಲ ಎಡೆ. ಅವನ ಹೊಸ ಪಂಚೆಯನ್ನು ಕಳಶದ ಮುಂದೆ ಇಡುವಾಗ ದ್ಯಾಮಮ್ಮ ಬೆಳಿಗ್ಗೆಯೇ ಒಂದಿಷ್ಟು ಅತ್ತು ಮುಗಿಸಿದ್ದಳು. ಬದುಕಿರುವವರೆಗೂ ಆ ಮನುಷ್ಯನಿಗಿದ್ದದ್ದು ಒಂದೇ ಕೊರಗು. ಅವನ ಅಜ್ಜಿ ಕಲ್ಲಮ್ಮನ ಎಡೆಯನ್ನು ಹಿರಿಯರ ಸಾಲಿನಲ್ಲಿ ಇಡುವಂತಿರಲಿಲ್ಲ. ಅದನ್ನು ಹಿತ್ತಲ ಬಾಗಿಲ ಆಚೆ ಇಡಬೇಕು. ದೊರೆ ಕಟ್ಟಿಕೊಂಡವಳಲ್ಲ, ಇಟ್ಟುಕೊಂಡವಳು ಎಂದು ಹಿಂದಿನವರು ಮಾಡಿದ ಕಟ್ಟಳೆ. ಈಗ ಅದನ್ನು ಕಾಯುತ್ತಿದ್ದವನು ತಮ್ಮಯ್ಯ. ಕಲ್ಲಮ್ಮನ ಅಣ್ಣನ ಮೊಮ್ಮಗ, ಮನೆತನಕ್ಕೆಲ್ಲ ಹಿರಿಯ. ಎಡೆ ಇಡಿಸಲು ಬಂದು ಕಂಬಕ್ಕೆ ಒರಗಿ ಕುಳಿತಿದ್ದ.

"ಕೇಳ್ದಾ ತಮ್ಮಯ್ಯಣ್ಣ? ಹೆಂಡ್ತಿ ಅಂತ ಬರ್ಸವ್ನೆ. ಅವರ ದೇವಸ್ಥಾನದಾಗೆ, ಪೂಜಾರಿ ಮುಂದೆ" ಎಂದಳು ದ್ಯಾಮಮ್ಮ.

"ಹೆಂಡ್ತಿ ಅಂತ ಬರ್ಸವ್ನೆ. ಕಲ್ಲಮ್ಮ ಅಂತ ಎಲ್ಲೈತೆ?"

ಅನಿತಾ ನೆರಿಸ್‌ಳನ್ನು ಕೇಳಿ ಹೇಳಿದಳು. "ಸತ್ತೋರ ಹೆಸ್ರು ಬರೆಯೋ ಪದ್ಧತಿ ಇಲ್ವಂತೆ ತಾತ. ಆದ್ರೆ ಆ ವರ್ಷಗಳಲ್ಲಿ ಅಲ್ಲಿ ಅವನ ಮದುವೆ ಎಲ್ಲೂ ಇಲ್ಲ. ಇದ್ದದ್ದು ಇಲ್ಲೇ."

ತಮ್ಮಯ್ಯ ಎಲೆಗೆ ಸುಣ್ಣ ಸವರುತ್ತ ಯೋಚಿಸಿದ. "ಹನ್ನೆರಡನೇ ಇಸವಿಗೆ ಸತ್ತಿದ್ಲು ಅಂತ ತಾನೆ ಬರ್ಸಿರೋದು? ಕಲ್ಲಜ್ಜಿ ಸತ್ತಾಗ ನಾನು ಹೈಸ್ಕೂಲು. ಹೆಣಕ್ಕೆ ಹೂವ ತಂದೋನೇ ನಾನು. ಅಂದ್ಮೇಲೆ ಅವನ ಹೆಂಡ್ತಿ ಬೇರೆ, ನಮ್ಮಜ್ಜಿ ಬೇರೆ. ಎಡೆ ಎಲ್ಲಿತ್ತೋ ಅಲ್ಲೇ ಇರ್ಲಿ ಬಿಡು."

ಅನಿತಾ ಇದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಂತೆ ನೆರಿಸ್‌ಳ ಮುಖ ಇಳಿಯಿತು. ಕನ್ನಡಕ ತೆಗೆದು ಸುಮ್ಮನೆ ಒರೆಸತೊಡಗಿದಳು. ಆದರೆ ದ್ಯಾಮಮ್ಮನಿಗೆ ನಗು ಬಂದುಬಿಟ್ಟಿತ್ತು. ಗಂಡ ಹೋದ ಮೇಲೆ ಆ ಮನೆಯಲ್ಲಿ ಯಾರೂ ಕೇಳಿರದ ನಗು. ತಡೆದಷ್ಟೂ ಉಕ್ಕಿ, ಭುಜ ಕುಲುಕುತ್ತಿತ್ತು.

"ಯಾಕಮ್ಮ, ನಾನೇನು ಸುಳ್ಳು ಹೇಳಿದ್ನಾ?"

"ನೀನಲ್ಲ ಕಣಣ್ಣ, ದೊರೆ. ಆ ಸತ್ತೋಳಿಗೆ ನಾನೇ ತಲೆಗೆ ಎರ್ದಿವ್ನಿ, ಎಲೆಅಡಿಕೆ ಕುಟ್ಟಿ ಕೊಟ್ಟಿವ್ನಿ. ಎಂಬತ್ತು ದಾಟಿದ್ರೂ ಗುಂಡ್ಕಲ್ಲಿನಂಗಿದ್ಲು." ದ್ಯಾಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬರೀ ಇಟ್ಕಂಡೋಳಾಗಿದ್ರೆ ಅವಳನ್ನ ಯಾಕೆ ಸಾಯಿಸ್ಬೇಕಿತ್ತು? ಮದುವೇನೇ ಆಗಿಲ್ಲ ಅಂದಿದ್ರೆ ಯಾರು ಕೇಳ್ತಿದ್ರು? ಅಷ್ಟು ಹೇಳಕ್ಕೆ ಬಾಯಿ ಬರಲಿಲ್ಲ ಅವನಿಗೆ. ಸತ್ತಳು ಅಂದಿದ್ದು ಸುಳ್ಳು. ಹೆಂಡ್ತಿ ಅಂದಿದ್ದು ದೇವರ ಮುಂದೆ ಅಂದಿರೋ ನಿಜ."

ತಮ್ಮಯ್ಯ ಮಡಿಸಿದ ಎಲೆಯನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ಕುಳಿತ. ಮಾತನ್ನು ಆ ಕಡೆಯಿಂದ ಈ ಕಡೆಯಿಂದ ತೂಗಿ ನೋಡಿದಂತಿತ್ತು.

"ಕಳ್ಳ ನನ್ಮಗ" ಎಂದ ಕೊನೆಗೆ. ಅದನ್ನು ಅನಿತಾ ನೆರಿಸ್‌ಗೆ ಹೇಳಲಿಲ್ಲ.

ಅವನು ಮಂಡಿ ಹಿಡಿದುಕೊಂಡು ಎದ್ದ. ಹಿತ್ತಲ ಬಾಗಿಲಿಗೆ ಹೋಗಿ, ಅಲ್ಲಿ ಹಾಸಿದ್ದ ಬಾಳೆಲೆಯನ್ನು ಎರಡು ಕೈಯಲ್ಲಿ ಎತ್ತಿ ತಂದು, ಸಣ್ಣಬೀರಪ್ಪನ ಎಲೆಯ ಪಕ್ಕಕ್ಕೆ ಹಾಸಿದ. "ಇದಕ್ಕೆ ನನ್ನ ತಲೆ ಎಷ್ಟು ತಿಂದಿದ್ದ ಇವ್ನು. ಈಗ ಸಮಾಧಾನವೇನಪ್ಪಾ" ಎಂದು ಪಂಚೆಯ ಕಡೆ ನೋಡಿ ಕೇಳಿದ. ದ್ಯಾಮಮ್ಮ ಬೀರಪ್ಪ ದೇವರ ಪಟಕ್ಕೆ ಕೈ ಮುಗಿದಳು. ಏನನ್ನೂ ಬೇಡಿಕೊಳ್ಳಲಿಲ್ಲ, ಬರಿದೇ ಮುಗಿದಳು.

ನೆರಿಸ್ ಅನಿತಾಳ ಕಿವಿಯಲ್ಲಿ ಏನೋ ಕೇಳಿದಳು.

"ಅಜ್ಜಿ, ಮಾರ್ಗರೆಟ್ಟಿಗೂ ಒಂದು ಎಲೆ ಹಾಕಬೋದಾ ಅಂತಾರೆ. ಸಾಯೋ ತನಕ ಆಯಮ್ಮನಿಗೂ ಇದು ಗೊತ್ತಿರಲಿಲ್ವಂತೆ."

"ಅದನ್ನೇನು ಕೇಳೋದು? ಸವತಿ ಅಂದ್ರೂ ಮನೆಯೋಳೇ. ಅಷ್ಟು ದೂರದಿಂದ ಮರಿಮಗಳು ಬಂದವ್ಳೆ, ಕಲ್ಲಜ್ಜಿ ಪಕ್ಕಕ್ಕೇ ಹಾಕು."

ದ್ಯಾಮಮ್ಮ ಪೆಟ್ಟಿಗೆಯಿಂದ ಎರಡು ಹಸಿರು ರವಿಕೆಕಣ ತೆಗೆದು ಒಂದೊಂದು ಎಲೆಯ ಮುಂದೆ ಒಂದೊಂದು ಇಟ್ಟಳು. ಕಜ್ಜಾಯ ಬಡಿಸಿದಳು.

"ಮತ್ತೆ ದೊರೆಗೆ?" ಅನಿತಾ ಕೇಳಿದಳು.

"ಮೊದ್ಲು ಇವ್ರಿಬ್ರೂ ಉಣ್ಲಿ" ಎಂದಳು ದ್ಯಾಮಮ್ಮ, ತುಪ್ಪ ಹಾಕುತ್ತ. "ಮಿಕ್ಕಿದ್ರೆ ನೋಡಾನ."