ಅಚ್ಚಿಗೆ ಗುಣವಾಯಿತು

ನನ್ನ ಮಗಳು ಇಂಚರಾಳ ಹೃದಯದ ಆಪರೇಷನ್ ಮತ್ತೊಮ್ಮೆ ಯಶಸ್ವಿಯಾಯಿತು. ಡಾಕ್ಟರ್ ಪಾಲಾಕ್ಷ ಎಂದಿನಂತೆ ವಾರ್ಡಿಗೆಲ್ಲ ಪೇಡೆ ಹಂಚಿದರು. ಇಂಚರಾ ನನ್ನ ತೊಡೆಯ ಮೇಲೆ ಕೂತು, ಏದುಸಿರು ಬಿಡುತ್ತಲೇ ಒಂದು ತಿಂದಳು. ಗುಣವಾಗಿದ್ದು ಅವಳ ಹೃದಯದ ಅಚ್ಚಿಗೆ. ಈಗೆಲ್ಲ ಮಗುವಿನ ಹೃದಯದ ಅಳತೆಗೆ ಸರಿಯಾಗಿ, ಅದರಂತೆಯೇ ಮಿಡಿಯುವ ಅಚ್ಚೊಂದನ್ನು ಯಂತ್ರದಲ್ಲಿ ತೆಗೆದು ಅದರ ಮೇಲೆ ತಾಲೀಮು ನಡೆಸದೆ ಯಾರೂ ಮಕ್ಕಳನ್ನು ಮುಟ್ಟುವುದಿಲ್ಲ.

"ಹಾಗಾದ್ರೆ ನಾಳೆ ಇವಳಿಗೆ ಮಾಡ್ತೀರಾ ಸರ್?"

"ಎಲ್ಲಾಗುತ್ತಮ್ಮಾ! ತಾಲೀಮು ಮುಗಿಯೋದ್ರೊಳಗೆ ನಿಮ್ಮ ಮಗಳು ಮತ್ತೆ ಬೆಳೆದುಬಿಟ್ಟಿದ್ದಾಳೆ. ಹೊಸ ಅಚ್ಚು ತೆಗೀಬೇಕು. ಅದೇನು ತಿನ್ನಿಸ್ತೀರೋ ಇವಳಿಗೆ!"

"ನಿಮ್ಮ ಪೇಡೆನೇ ಸರ್."

ನರ್ಸ್ ಕೆಮ್ಮಿ ನಗು ನುಂಗಿಕೊಂಡಳು. ನಾನು ಇಂಚರಾಳ ನೀಲಿಗಟ್ಟಿದ ಬೆರಳುಗಳನ್ನು ಅವರ ಮುಂದೆ ಹಿಡಿದೆ.

"ಈ ಸಲ ಇವಳ ಮೇಲೇ ತಾಲೀಮು ಮಾಡಿ ಸರ್. ಅಳತೆ ಒಂಚೂರೂ ತಪ್ಪಲ್ಲ."

ಡಾಕ್ಟರು ಪೇಡೆಯ ಡಬ್ಬಿ ಕೆಳಗಿಟ್ಟರು. ಆಮೇಲೆ ಬಗ್ಗಿ ಅವಳ ನಾಡಿ ಹಿಡಿದರು. ಇಷ್ಟು ತಿಂಗಳಲ್ಲಿ ಅವಳನ್ನು ಅವರು ಒಮ್ಮೆಯೂ ಮುಟ್ಟಿರಲಿಲ್ಲ.

"ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಕರ್ಕೊಂಡ್ ಬನ್ನಿ" ಎಂದರು ಮೆಲ್ಲಗೆ.

ಇಂಚರಾ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: "ಅಮ್ಮಾ, ಡಾಕ್ಟರ್ ಕೈ ನಡುಗ್ತಿದೆ."

"ನಡುಗಲಿ ಬಿಡು ಪುಟ್ಟೀ" ಎಂದೆ. "ಅವರಿಗೂ ಇದು ಮೊದಲನೇ ಸಲ."