ಹನುಮಂತನ ಹಗ್ಗ

ಚೆನ್ನವೀರಪ್ಪ ಹನುಮಂತನ ವೇಷದಲ್ಲಿ ಲಂಕೆಗೆ ಹಾರಲು ಸಿದ್ಧರಾಗಿ ನಿಂತಿದ್ದರು. ಅವರನ್ನು ಮೇಲೆತ್ತುವ ಹಗ್ಗವನ್ನು ಕೊನೆಯ ಸಲ ಪರೀಕ್ಷಿಸುತ್ತಿದ್ದ ತಂತ್ರಜ್ಞೆ ಮಂದಾರಳಿಗೆ ಕೊಕ್ಕೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು.

“ಕೊಕ್ಕೆ ಬಿರುಕು ಬಿಟ್ಟಿದೆ ಅಣ್ಣ. ನಿಮ್ಮನ್ನ ಎತ್ತಲ್ಲ.”

“ಒಂದು ಗಳಿಗೆ ತಡೆಯುತ್ತೆ, ಎತ್ತಮ್ಮ! ಹನುಮಂತ ಹಾರದಿದ್ದರೆ ಜನ ನಗ್ತಾರೆ.”

“ನಗಲಿ ಬಿಡಿ. ನೀವು ಬಿದ್ದರೆ ಮನೇಲಿ ಅಕ್ಕ ಅಳ್ತಾರೆ.”

ಅವಳು ಅವರ ಸೊಂಟದಿಂದ ಹಗ್ಗ ಬಿಚ್ಚಿಯೇಬಿಟ್ಟಳು. ಅಷ್ಟರಲ್ಲಿ ಪರದೆ ಸರಿಯಿತು. ರಂಗದ ತುಂಬ ನೀಲಿ ಬಟ್ಟೆಯ ಸಮುದ್ರ ಅಲೆಯಾಡುತ್ತಿತ್ತು. ಚೆನ್ನವೀರಪ್ಪ ಒಮ್ಮೆ ಮೇಲೆ ನೋಡಿದರು, ಒಮ್ಮೆ ಸಮುದ್ರ ನೋಡಿದರು. ಸಭೆ ಉಸಿರು ಬಿಗಿಹಿಡಿದು ಕಾಯುತ್ತಿತ್ತು. ಮಂದಾರ ಕಣ್ಣು ಮುಚ್ಚಿಕೊಂಡಳು.

ಹನುಮಂತ ಗದೆಯನ್ನು ಜಾಂಬವಂತನ ಕೈಗಿತ್ತ, ಬಾಲವನ್ನು ಸೊಂಟಕ್ಕೆ ಸುತ್ತಿಕೊಂಡ, “ಶ್ರೀರಾಮಾ!” ಎನ್ನುತ್ತ ಬಟ್ಟೆಯ ಮೇಲೆ ಮಕಾಡೆ ಮಲಗಿ ಲಂಕೆಯತ್ತ ಈಜತೊಡಗಿದ.